ಒಂದಕ್ಷರ ಹೆಚ್ಚು

"ನಾನು ಸಹಿ ಹಾಕಲ್ಲ ಸರ್. ಇದರಲ್ಲಿ ಒಂದಕ್ಷರ ಜಾಸ್ತಿ ಇದೆ."

ಜಿಪುಣಿ ಹಾಗೆಂದು ಪೆನ್ನನ್ನು ಮೇಜಿನ ಮೇಲೆ ರೇಡಿಯೋ ನಿಲಯದ ಮುಖ್ಯಸ್ಥರ ಕಡೆಗೆ ಉರುಳಿಸಿದಳು. ಅದು ಹೋಗಿ ಅವರ ಕಾಫಿ ಕಪ್ಪಿಗೆ ತಾಗಿ ನಿಂತಿತು.

ಮುಖ್ಯಸ್ಥರು ಕ್ಷಮಾಪಣೆ ಪತ್ರವನ್ನು ಎತ್ತಿಕೊಂಡು, ಕನ್ನಡಕ ಸರಿಮಾಡಿಕೊಂಡು ಓದಿದರು. "ಎಲ್ಲಿದೆಯಮ್ಮಾ? ಟೈಪಿಂಗ್ ತಪ್ಪಾ?"

"ಪತ್ರದಲ್ಲಲ್ಲ. ಪ್ರೋಗ್ರಾಮಿನಲ್ಲಿ. ಎರಡಕ್ಷರದಲ್ಲಿ ಆಗೋ ಕೆಲಸಕ್ಕೆ ಯಾರೋ ಮೂರು ಹಾಕಿದಾರೆ. ನಾನು ಬರೆದಿದ್ರೆ ಎರಡೇ ಇರೋದು. ಬೇರೆಯವರ ದಂಡದ ಕೆಲಸಕ್ಕೆ ನಾನ್ಯಾಕೆ ಸಹಿ ಹಾಕ್ಲಿ?"

ನನಗೆ ನಗಬೇಕೋ ಅವಳ ಕಿವಿ ಹಿಂಡಬೇಕೋ ತಿಳಿಯಲಿಲ್ಲ. ಕೆಲಸ ಹೋಗುತ್ತದೆ, ಪೊಲೀಸರು ಬರುತ್ತಾರೆ ಎಂದು ಹೆದರಿಸಿದರೆ ಈ ಹುಡುಗಿ ಅಕ್ಷರ ಎಣಿಸುತ್ತಾಳೆ! ಆದರೆ ಪತ್ತೇದಾರಿಕೆಯಲ್ಲೇ ತಲೆ ನರೆಸಿಕೊಂಡ ನನಗೆ ಒಂದು ಗೊತ್ತು. ಸುಳ್ಳು ಹೇಳುವವರು ಇಂಥ ಹುಚ್ಚು ಕಾರಣ ಕೊಡುವುದಿಲ್ಲ.

ಮೊನ್ನೆ ಬೆಳಿಗ್ಗೆ ಈ ರೇಡಿಯೋ ನಿಲಯ ಹಾಕಿದ್ದನ್ನೇ ಹಾಕಿ ಊರಿನ ತಲೆ ತಿಂದು, ಕೊನೆಗೆ ಇದ್ದಕ್ಕಿದ್ದಂತೆ ಬಾಯಿ ಮುಚ್ಚಿಕೊಂಡಿತ್ತು. ಹಾಗೆ ಮಾಡಿಸಿದ ಮೂರಕ್ಷರದ ಪ್ರೋಗ್ರಾಮು ಬಂದದ್ದು ನನ್ನ ಅಕ್ಕನ ಮಗಳಾದ ಈ ಜಿಪುಣಿಯ ಖಾತೆಯಿಂದ, ಅವಳ ಮನೆಯ ಲ್ಯಾಪ್‌ಟಾಪಿನಿಂದ.

"ನೋಡಿ ಮೇಡಂ," ಮುಖ್ಯಸ್ಥರು ನನ್ನ ಕಡೆ ತಿರುಗಿದರು. ಬೆಣ್ಣೆಯಂಥ ದನಿ. "ನೀವು ಅನುಭವಸ್ಥರು. ಸಹಿ ಹಾಕಿದ್ರೆ ರಾಜೀನಾಮೇಲಿ ಮುಗಿಯುತ್ತೆ. ಫೈಲ್ ಮುಚ್ಚಿ, ಹಳೇದೆಲ್ಲ ಅಳಿಸಿ, ಸ್ವಚ್ಛ ಮಾಡಿಬಿಡ್ತೀವಿ. ಇಲ್ಲಾಂದ್ರೆ ಇವತ್ತು ಆಫೀಸು ಮುಚ್ಚೋದ್ರೊಳಗೆ ಪೊಲೀಸ್ ದೂರು. ಆಮೇಲೆ ಈ ಮಗೂಗೆ ಎಲ್ಲೂ ಕಂಪ್ಯೂಟರ್ ಮುಟ್ಟೋಕೆ ಬಿಡಲ್ಲ."

"ನಾನು ಮಗು ಅಲ್ಲ," ಎಂದಳು ಜಿಪುಣಿ.

"ಹಳೇದೆಲ್ಲ ಅಳಿಸಿ ಅಂದ್ರಲ್ಲ, ಏನದು ಹಳೇದು?" ಎಂದೆ ನಾನು.

"ಕಸ ಮೇಡಂ. ಕಂಪ್ಯೂಟರಲ್ಲಿ ಇರೋ ಕಸ."

ಅವರ ತಲೆಯ ಮೇಲೆ, ಗೋಡೆಯ ಸ್ಪೀಕರಿನಲ್ಲಿ ಕೊಳಲು ಸಣ್ಣಗೆ ನುಡಿಯುತ್ತಿತ್ತು. ಈ ಕಟ್ಟಡದ ಪ್ರತಿ ಕೋಣೆಯಲ್ಲೂ ಅಂಥದ್ದೊಂದು ಸ್ಪೀಕರ್ ಇದೆ. ಗಾಳಿಯಲ್ಲಿ ಏನು ಹೋಗುತ್ತಿದೆಯೋ ಅದು ಕಕ್ಕಸಿನಲ್ಲಿ ಕೂತವರಿಗೂ ಕೇಳಬೇಕು.

ಹೊರಗೆ ಬರುವಷ್ಟರಲ್ಲಿ ಅಕ್ಕನ ಫೋನು.

"ಏನಂತೆ?"

"ಸಹಿ ಹಾಕು ಅಂತಾರೆ. ನಿನ್ನ ಮಗಳು ಜಪ್ಪಯ್ಯ ಅಂದ್ರೂ ಹಾಕಲ್ಲ ಅಂತಾಳೆ. ನೀನಾದ್ರೂ ಬುದ್ಧಿ ಹೇಳಕ್ಕಾ."

"ಹಾಕೋದು ಬೇಡ ಅನ್ನು."

ನಾನು ಫೋನನ್ನು ಕಿವಿಯಿಂದ ತೆಗೆದು ಯಾರ ನಂಬರು ಎಂದು ನೋಡಿದೆ. ನನ್ನ ಅಕ್ಕ ಬಾಗಿಲಿಗೆ ಎಡವಿದರೆ ಬಾಗಿಲಿಗೇ ಕ್ಷಮೆ ಕೇಳುವ ಹೆಂಗಸು!

"ಅಕ್ಕಾ, ಪೊಲೀಸ್ ಅಂತಿದಾರೆ."

"ಅಂದ್ಕೊಳ್ಳಲಿ. ಮಾಡದ ತಪ್ಪಿಗೆ ಒಂದು ಮನೇಲಿ ಒಬ್ಬಳು ಸಹಿ ಹಾಕಿದ್ದು ಸಾಕು." ಫೋನು ಕಟ್ಟಾಯಿತು.

ನಾನು ಗೋಡೆಗೆ ಒರಗಿ ನಿಂತೆ. ಆ ಮಾತನ್ನು ಅಕ್ಕ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಆಡಿರಲಿಲ್ಲ. ಅವಳೂ ಇದೇ ನಿಲಯದಲ್ಲಿ ಉದ್ಘೋಷಕಿಯಾಗಿದ್ದವಳು. ಬಣ್ಣದ ಕಾರ್ಖಾನೆಯಿಂದ ಅನಿಲ ಸೋರಿದ ಆ ಬೆಳಿಗ್ಗೆ ಪಾಳಿ ಅವಳದೇ. ಎಚ್ಚರಿಕೆ ಗಾಳಿಗೆ ಹೋಗಲಿಲ್ಲ, ಹಳೇ ಬಡಾವಣೆಯಲ್ಲಿ ಮಲಗಿದ್ದವರು ಏಳಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ನಮ್ಮ ಭಾವನೂ ಏಳಲಿಲ್ಲ. ಆಗ ಜಿಪುಣಿ ಇನ್ನೂ ಹೊಟ್ಟೆಯಲ್ಲಿದ್ದಳು. 'ಓದಲು ಮರೆತೆ' ಎಂದು ಅಕ್ಕ ಬರೆದುಕೊಟ್ಟು ಕೆಲಸ ಬಿಟ್ಟು ಬಂದಳು. ಅವತ್ತಿನಿಂದ ಅವಳ ಮನೆಯಲ್ಲಿ ರೇಡಿಯೋ ಇಲ್ಲ. ಮಗಳು ಹಟ ಹಿಡಿದು ಇದೇ ನಿಲಯದ ಕಂಪ್ಯೂಟರ್ ವಿಭಾಗ ಸೇರಿದಾಗಲೂ ಅಕ್ಕ ತುಟಿ ಪಿಟಕ್ಕೆನ್ನಲಿಲ್ಲ.

'ಮಾಡದ ತಪ್ಪು' ಎಂದಳಲ್ಲ, ಯಾವುದು?

"ಚಿಕ್ಕಮ್ಮಾ, ಬಾ," ಜಿಪುಣಿ ನನ್ನ ಕೈ ಜಗ್ಗಿದಳು. "ಎಂಜಿನಿಯರ್ ಮೀಸೆ ಸರ್ ಹತ್ರ ಹೋಗೋಣ. ಆ ಪ್ರೋಗ್ರಾಮಿನ ಭಾಷೆ ಇಲ್ಲಿ ಬರೋದು ನಮ್ಮಿಬ್ಬರಿಗೇ."

"ಅಂದ್ರೆ ಬರೆದದ್ದು ಅವರೇ ಇರಬೇಕು."

"ಮೂರಕ್ಷರಾನಾ? ಅವರ ಮರ್ಯಾದೆ ಏನಾಗ್ಬೇಕು!"

ಎಂಜಿನಿಯರ್ ಕೋಣೆ ಕಟ್ಟಡದ ಹಿಂಬದಿಯಲ್ಲಿತ್ತು. ಸಣ್ಣ ಕೋಣೆ. ಒಂದೇ ಬಾಗಿಲು. ಎದುರು ಗೋಡೆಯ ಮೇಲೆ ಹಳೆಯ ಕಬ್ಬಿಣದ ಕೆಂಪು ಹಿಡಿಕೆ, ಅದರ ಸುತ್ತ ಬಣ್ಣ ಚಕ್ಕೆಯೆದ್ದಿತ್ತು.

"ಮುಟ್ಟಬೇಡಿ," ಎಂದರು ಮೀಸೆ. ನಾನಿನ್ನೂ ಕೈ ಚಾಚಿಯೂ ಇರಲಿಲ್ಲ. "ಅದು ಮೇಲಿದ್ರೆ ಸ್ಟುಡಿಯೋ ಮಾತು ಗಾಳಿಗೆ ಹೋಗುತ್ತೆ. ಕೆಳಗಿದ್ರೆ ಬರೀ ನಮ್ಮ ರೆಕಾರ್ಡಿಂಗಿಗೆ ಹೋಗುತ್ತೆ. ಅಷ್ಟೆ."

ನಿಲಯದ ಅತಿ ಹಿರಿಯ ನೌಕರರು ಅವರೇ. ನಿವೃತ್ತಿ ಹತ್ತಿರ ಬಂದಿದೆ. ಬೆಳ್ಳಗಾದ ಮೀಸೆಯ ತುದಿ ಮಾತ್ರ ಇನ್ನೂ ಮೇಲಕ್ಕೇ ನೋಡುತ್ತಿತ್ತು.

"ಮೊದಲು ಈ ಆಟ ಏನು ಅಂತ ನನ್ನಂಥ ದಡ್ಡಿಗೆ ಬಿಡಿಸಿ ಹೇಳಿ," ಎಂದು ಸ್ಟೂಲು ಎಳೆದುಕೊಂಡು ಕೂತೆ.

ಜಿಪುಣಿಯ ಮುಖ ಅರಳಿತು. ಈ ವಿಷಯ ಬಂದರೆ ಸಾಕು, ನೇಣುಗಂಬದ ಕೆಳಗೆ ನಿಂತಿದ್ದರೂ ಪಾಠ ಶುರು ಮಾಡುತ್ತಾಳೆ. "ಕೋಡ್ ಗಾಲ್ಫ್ ಅಂತಾರೆ ಚಿಕ್ಕಮ್ಮ. ಗಾಲ್ಫಲ್ಲಿ ಎಷ್ಟು ಕಮ್ಮಿ ಹೊಡೆತಕ್ಕೆ ಚೆಂಡು ಗುಂಡಿಗೆ ಬಿತ್ತು ಅಂತ ನೋಡ್ತಾರಲ್ಲ, ಇಲ್ಲಿ ಎಷ್ಟು ಕಮ್ಮಿ ಅಕ್ಷರಕ್ಕೆ ಪ್ರೋಗ್ರಾಮ್ ಮುಗೀತು ಅಂತ ನೋಡೋದು. ಅದಕ್ಕೇ ಅಂತ ಒಂದು ಭಾಷೆ ಇದೆ. ಅದರಲ್ಲಿ ಒಂದೊಂದು ಅಕ್ಷರಾನೂ ಒಂದೊಂದು ಇಡೀ ಕೆಲಸ ಮಾಡುತ್ತೆ."

"ಅದಕ್ಕೇ ನಿಂಗೆ ಜಿಪುಣಿ ಅಂತ ಹೆಸರಿಟ್ಟಿದ್ದಾ?"

"ಇಟ್ಟಿದ್ದು ಮೀಸೆ ಸರ್. ಹೊಟ್ಟೆಕಿಚ್ಚಿಗೆ."

ಮೀಸೆ ನಗಲಿಲ್ಲ. ಯಾವತ್ತೂ ನಗುವ ಮಾತಂತೆ ಅದು, ಜಿಪುಣಿಯೇ ಒಮ್ಮೆ ಹೇಳಿದ್ದಳು. ನಾನು ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

"ಈ ಒಗಟು ಹಳೇದು," ಜಿಪುಣಿ ಮೇಜಿನ ಮೇಲಿದ್ದ ಬಿಸ್ಕತ್ತಿನ ತಟ್ಟೆ ಎಳೆದುಕೊಂಡಳು. "ಒಂದು ಪಟ್ಟಿ ಕೊಡ್ತಾರೆ. ಮೂರು, ಒಂದು, ಎರಡು ಅಂದ್ಕೋ. ಪ್ರತಿಯೊಂದನ್ನೂ ಅದರ ಸಂಖ್ಯೆ ಎಷ್ಟೋ ಅಷ್ಟು ಸಲ ಸಾಲಾಗಿ ಇಡಬೇಕು." ಅವಳು ಉದ್ದನೆಯ ಬಿಸ್ಕತ್ತು ಮೂರು, ದುಂಡನೆಯದು ಒಂದು, ಕೆನೆಯದು ಎರಡು ಸಾಲಾಗಿ ಜೋಡಿಸಿದಳು. "ಮೂರು ಮೂರು ಮೂರು, ಒಂದು, ಎರಡು ಎರಡು. ಮುಗೀತು. ನಮ್ಮ ರೇಡಿಯೋ ಪಟ್ಟೀನೂ ಹೀಗೇ. ಪ್ರತಿ ಹಾಡಿನ ಮುಂದೆ, ಜಾಹೀರಾತಿನ ಮುಂದೆ, ದಿನಕ್ಕೆ ಎಷ್ಟು ಸಲ ಅಂತ ಒಂದು ಅಂಕಿ ಇರುತ್ತೆ. ಅದನ್ನ ಇಡೀ ದಿನಕ್ಕೆ ಹಂಚೋದು ನಾನು ಬರೆದಿದ್ದ ದೊಡ್ಡ ಪ್ರೋಗ್ರಾಮು. ಅದನ್ನ ಕಿತ್ತು ಯಾರೋ ಈ ಚುಟುಕು ಪ್ರೋಗ್ರಾಮ್ ಕೂರಿಸಿದಾರೆ. ಎಲ್ಲ ಒಂದರ ಹಿಂದೊಂದು ಹಾಡ್ಕೊಂಡು ಹೋಗಿದೆ."

"ಈ ಒಗಟನ್ನ ನೀನು ಬಿಡಿಸಿದ್ದೀಯಾ ಮುಂಚೆ?"

"ಎರಡಕ್ಷರದಲ್ಲಿ! ಮನೇಲಿ ಅಮ್ಮ ಬಟಾಣಿ ಸುಲೀತಾ ಕೂತಿರ್ತಾಳೆ, ನಾನು ಹೇಳ್ತಾ ಹೋಗ್ತೀನಿ. 'ಇನ್ನೂ ಒಂದು ತೆಗಿಯೇ, ತೆಗೀಬಹುದು' ಅಂತ ಪ್ರಾಣ ಹಿಂಡ್ತಾಳೆ."

"ಸರಿ. ಆ ಮೂರನೇದು ಏನು ಮಾಡುತ್ತೆ?"

"ದಂಡ," ಎಂದಳು ಜಿಪುಣಿ.

"ದಂಡ," ಎಂದರು ಮೀಸೆ.

ನನ್ನ ಮೈ ಉರಿಯಿತು. "ಮರ್ಯಾದೆ, ದಂಡ, ಎರಡು, ಮೂರು! ಎಂಥ ಒಣ ಜಂಬ ನಿಮ್ಮದು! ಅದು ಚೆನ್ನಾಗಿದೆಯಾ ಅಂತ ಕೇಳಿದ್ನಾ? ಏನು ಮಾಡುತ್ತೆ ಅಂತ ಕೇಳ್ದೆ."

ಜಿಪುಣಿ ಪೆಚ್ಚಾದಳು. "ಒಂದು ಕೂಡುತ್ತೆ. ಮೂರಿದ್ರೆ ನಾಲ್ಕು, ಒಂದಿದ್ರೆ ಎರಡು. ಎಲ್ಲ ಒಂದೊಂದು ಸಲ ಜಾಸ್ತಿ ಬರುತ್ತೆ. ಬೇಕಾಗಿರಲಿಲ್ಲ. ಗಲಾಟೆ ಎಬ್ಬಿಸೋಕೆ ಎರಡಕ್ಷರವೇ ಸಾಕಿತ್ತು."

"ಬೇಕಾಗಿರಲಿಲ್ಲ ಅಂತ ನಿಂಗೆ ಹೇಗೆ ಗೊತ್ತು? ಬರೆದವರಿಗೆ ಬೇಕಾಗಿತ್ತೇನೋ. ಒಂದಿದ್ರೆ ಎರಡಾಗುತ್ತೆ. ಸೊನ್ನೆ ಇದ್ರೆ?"

"ಸೊನ್ನೆ ಇರಲ್ಲ ಮೇಡಂ," ಎಂದರು ಮೀಸೆ. ತುಂಬ ಬೇಗ ಎಂದರು.

ಜಿಪುಣಿಯ ಕೈಯಲ್ಲಿದ್ದ ಬಿಸ್ಕತ್ತು ಮುರಿಯಿತು. "ಒಗಟಿನಲ್ಲಿ ಇರಲ್ಲ ಚಿಕ್ಕಮ್ಮ. ಎಲ್ಲ ಒಂದು, ಇಲ್ಲಾ ಅದಕ್ಕಿಂತ ಮೇಲೇ ಅಂತ ಮೊದಲೇ ಹೇಳಿರ್ತಾರೆ. ಅದಕ್ಕೇ ನಾನು ಸೊನ್ನೆ ಬಗ್ಗೆ ಯೋಚನೇನೇ ಮಾಡಲ್ಲ." ಅವಳ ಬಾಯಿ ತೆರೆದೇ ಇತ್ತು. "ಆದ್ರೆ ನಮ್ಮ ಪಟ್ಟೀಲಿ ಇರಬಹುದು. ಸೊನ್ನೆ ಅಂದ್ರೆ ಯಾವತ್ತೂ ಹಾಕಬಾರದು ಅಂತ. ನನ್ನ ಎರಡಕ್ಷರ ಓಡಿಸಿದ್ರೆ ಅದು ಮಾಯ. ಈ ಮೂರಕ್ಷರ ಓಡಿಸಿದ್ರೆ..."

"ಒಂದು ಸಲ ಬರುತ್ತೆ," ಎಂದೆ.

ಅವಳು ತಲೆ ಚಚ್ಚಿಕೊಂಡಳು. "ಅಯ್ಯೋ, ನಾನೆಂಥ ಕತ್ತೆ! ಇದು ದಂಡ ಅಲ್ಲ. ಇದೇ ಇಡೀ ಪ್ರೋಗ್ರಾಮು. ಮಿಕ್ಕಿದ್ದೆಲ್ಲ ಕಣ್ಣಿಗೆ ಮಣ್ಣು!"

ಅಷ್ಟರಲ್ಲಿ ಬೆಳಗಿನ ಉದ್ಘೋಷಕಿ ಚಹಾದ ಲೋಟಗಳೊಂದಿಗೆ ಒಳಗೆ ಬಂದಳು. ಗಟ್ಟಿ ಹೆಂಗಸು, ಗಟ್ಟಿ ದನಿ. ಮೊನ್ನೆ ಸ್ಟುಡಿಯೋದಲ್ಲಿ ಇದ್ದವಳು ಅವಳೊಬ್ಬಳೇ.

"ಮೊನ್ನೆ ಏನಾಯ್ತಮ್ಮಾ, ಇದ್ದದ್ದು ಇದ್ದ ಹಾಗೆ ಹೇಳು," ಎಂದೆ.

"ಏನು ಹೇಳ್ಲಿ ಮೇಡಂ! ಆ ಸೋಪಿನ ಜಾಹೀರಾತು ಮೂರು ಅಂತ ಇದ್ದದ್ದು ನಾಲ್ಕು ಸಲ ಬಂತು. ಭಾವಗೀತೆ ಎರಡು ಸಲ. ಫೋನ್ ಮೇಲೆ ಫೋನ್, ಬೈಗುಳದ ಮೇಲೆ ಬೈಗುಳ. ನಾನು ಸ್ಪೀಕರ್ ಸಣ್ಣಗೆ ಮಾಡಿ ಬೈಸಿಕೊಳ್ತಾ ಕೂತೆ. ಮುಖ್ಯಸ್ಥರಿಗೆ ಹೇಳಿದ್ರೆ, 'ಎಂಜಿನಿಯರ್ ಬರಲಿ ಬಿಡಮ್ಮಾ, ಜನ ನಗ್ತಾರೆ ಅಷ್ಟೆ' ಅಂತ ಕಾಫಿ ಕುಡೀತಾ ಇದ್ರು."

"ಆಮೇಲೆ?"

"ತುಂಬಾ ಹೊತ್ತಾದ ಮೇಲೆ ಏನು ತಲೆಗೆ ಬಂತೋ, ಬರಿಗಾಲಲ್ಲಿ ಓಡಿ ಬಂದು ಇಲ್ಲಿಗೆ ನುಗ್ಗಿ, ತಾವೇ ಆ ಹಿಡಿಕೆ ಎಳೆದುಬಿಟ್ರು. ಮೀಸೆ ಸರ್ ಅವತ್ತು ರಜ."

"ಎಳೆಯೋ ಮುಂಚೆ ಏನು ಬರ್ತಿತ್ತು?"

ಅವಳು ಕಣ್ಣು ಕಿರಿದು ಮಾಡಿದಳು. "ಗಂಟೆ ಸದ್ದು. ಹಳೇ ಕಾಲದ್ದು, ಪ್ರಕಟಣೆಗೆ ಮುಂಚೆ ಬಾರಿಸ್ತಿದ್ರಲ್ಲ, ಆ ಥರ. ಒಬ್ಬ ಹೆಂಗಸಿನ ದನಿ ಶುರುವಾಯ್ತು. ಅಷ್ಟೇ."

ಅವಳ ಫೋನು ಗುಣುಗುಟ್ಟಿತು. ನೋಡಿ, "ಕೆಳಗೆ ಯಾರೋ ನನ್ನನ್ನೇ ಕೇಳ್ಕೊಂಡು ಬಂದಿದಾರಂತೆ," ಎಂದು ಹೊರಟುಹೋದಳು.

ನಾನು ಮೀಸೆಯನ್ನು ನೋಡಿದೆ. ಅವರು ಚಹಾ ಮುಟ್ಟಿರಲಿಲ್ಲ.

"ಸಾರ್, ಇವಳ ಖಾತೆ ಬಂದ್ ಮಾಡಿದಾರೆ. ನಿಮ್ಮದು ತೆರೀರಿ. ಪಟ್ಟೀಲಿ ಸೊನ್ನೆ ಯಾವುದಕ್ಕಿದೆ ನೋಡೋಣ."

"ಅದೆಲ್ಲ ಕಂಪ್ಯೂಟರಿಗೆ ಏರಿಸಿಟ್ಟ ಹಾಳಾದ ಹಳೇ ಟೇಪು ಮೇಡಂ. ಏನೂ ಕೇಳಲ್ಲ."

"ಸೊನ್ನೆ ಇರಲ್ಲ ಅಂದ್ರಿ. ಈಗ ಇದೆ, ಹಾಳಾಗಿದೆ ಅಂತೀರಿ. ಎರಡರಲ್ಲಿ ಯಾವುದು ನಿಜ?"

ಅವರು ತಮ್ಮ ಕೈಗಳನ್ನೊಮ್ಮೆ ನೋಡಿಕೊಂಡರು. ಆಮೇಲೆ ಕೀಲಿಮಣೆ ಎಳೆದುಕೊಂಡು ಖಾತೆ ತೆರೆದರು. ಪಟ್ಟಿಯಲ್ಲಿ ಸೊನ್ನೆ ಇದ್ದದ್ದು ಒಂದೇ ಒಂದಕ್ಕೆ. ಅದಕ್ಕೆ ಹೆಸರಿರಲಿಲ್ಲ, ಬರೀ ದಿನಾಂಕವಿತ್ತು.

ಆ ದಿನಾಂಕವನ್ನು ನಾನು ಎರಡು ಸಲ ಓದಿದೆ. ಪ್ರತಿ ವರ್ಷ ಆ ದಿನ ಅಕ್ಕ ಒಲೆ ಹಚ್ಚುವುದಿಲ್ಲ.

"ಅಪ್ಪ ಹೋದ ದಿನ," ಎಂದಳು ಜಿಪುಣಿ. ಯಾರನ್ನೂ ಕೇಳದೆ ಗುಂಡಿ ಒತ್ತಿದಳು.

ಗಂಟೆ ಬಾರಿಸಿತು. ಆಮೇಲೆ ಎಳೆಯ ದನಿ, ಸ್ಪಷ್ಟ, ಒಂಚೂರೂ ನಡುಕವಿಲ್ಲದ್ದು: "ಕೇಳುಗರ ಗಮನಕ್ಕೆ. ಬಣ್ಣದ ಕಾರ್ಖಾನೆಯಿಂದ ವಿಷಾನಿಲ ಸೋರುತ್ತಿದೆ. ಹಳೇ ಬಡಾವಣೆಯವರು ಈ ಕೂಡಲೇ ಮನೆ ಬಿಟ್ಟು ಗುಡ್ಡದ ಕಡೆ..."

'ಖಟ್' ಎಂದು ಕಬ್ಬಿಣದ ಸದ್ದು. ಅದರ ಹಿಂದೆಯೇ ಗಂಡಸಿನ ದನಿ: "ಸಾಕು ನಿಲ್ಸು. ಕಾರ್ಖಾನೆಯವರು ಬೇಡ ಅಂದಿದಾರೆ. ಇದೇನೂ ಹೊರಗೆ ಹೋಗಿಲ್ಲ, ನೀನು ಓದೂ ಇಲ್ಲ. ತಿಳೀತಾ?"

ಬೆಣ್ಣೆಯಂಥ ದನಿ. ವಯಸ್ಸು ಮಾತ್ರ ಕಡಿಮೆ.

ನನ್ನ ಅಕ್ಕ ಮರೆತಿರಲಿಲ್ಲ! ಗಂಡನನ್ನು ಕೊಂದವಳು ಎಂದು ಊರೆಲ್ಲ ಆಡಿಕೊಂಡಿತು, ಅವಳು ತಲೆ ತಗ್ಗಿಸಿಕೊಂಡೇ ಅರ್ಧ ಆಯುಸ್ಸು ಕಳೆದಳು. ಓದಿದ್ದಳು ನನ್ನಕ್ಕ, ಓದಿದ್ದಳು! ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಯಾರಿಗಾದರೂ ಬಾರಿಸಬೇಕೆನ್ನಿಸಿತು.

ಬಾರಿಸಬೇಕಾದವರು ಬಾಗಿಲಲ್ಲೇ ನಿಂತಿದ್ದರು. ಒಂದು ಕೈಯಲ್ಲಿ ಕ್ಷಮಾಪಣೆ ಪತ್ರ, ಇನ್ನೊಂದರಲ್ಲಿ ಪೆನ್ನು.

"ಅಳಿಸ್ತೀನಿ ಅಂದಿದ್ರಲ್ರೀ!" ಮುಖ್ಯಸ್ಥರು ಕೂಗಿದ್ದು ನನ್ನ ಮೇಲಲ್ಲ, ಮೀಸೆಯ ಮೇಲೆ. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡರು.

"ಬನ್ನಿ ಸಾರ್, ಒಳಗೆ ಬನ್ನಿ," ಎಂದು ಅವರನ್ನು ಒಳಗೆ ಬಿಟ್ಟು, ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತೆ. "ಭಾವಗೀತೆ ಎರಡು ಸಲ ಬಂದಾಗ ಕಾಫಿ ಕುಡೀತಿದ್ರಿ. ಈ ಗಂಟೆ ಕೇಳಿದ ತಕ್ಷಣ ಚಪ್ಪಲಿ ಬಿಟ್ಟು ಓಡಿದ್ರಿ. ಫೈಲ್ ಮುಚ್ಚಿ ಅಳಿಸಬೇಕು ಅಂದ ಕಸ ಇದೇನಾ?"

ಅವರು ಕನ್ನಡಕ ಒರೆಸಿಕೊಂಡರು. ದನಿ ಮತ್ತೆ ಬೆಣ್ಣೆಯಾಯಿತು. "ಒಳ್ಳೇದಾಯ್ತು ಮೇಡಂ. ಈಗ ಬರೆದವರು ಯಾರು ಅಂತಾನೂ ಗೊತ್ತಾಯ್ತಲ್ಲ? ಮನೆ ಲ್ಯಾಪ್‌ಟಾಪು. ಮಗಳು ಸ್ನಾನಕ್ಕೆ ಹೋದಾಗ ಎದುರಿಗೆ ತೆರೆದಿಟ್ಟ ಪಟ್ಟಿ. ದಿನಾ ಬಟಾಣಿ ಸುಲೀತಾ ಪಾಠ ಕೇಳೋ ತಾಯಿ. ಈ ಹುಡುಗಿ ಊಟದ ಹೊತ್ತಲ್ಲಿ ಅದೇ ಕಥೆ ಎಲ್ಲರಿಗೂ ಹೇಳ್ತಿರ್ತಾಳೆ." ಅವರು ಪತ್ರವನ್ನು ಜಿಪುಣಿಯ ಮುಂದೆ ಹಿಡಿದರು. "ನಿನ್ನ ಸಹಿ ಬೇಡವಾದ್ರೆ ಬೇಡ ಬಿಡಮ್ಮಾ. ನಿಮ್ಮಮ್ಮನ ಹೆಸರು ಕೊಟ್ಟುಬಿಡು. ಜೈಲಿಗೆ ಅವರು ಹೋಗಲಿ. ಇಲ್ಲಾ ಈ ಟೇಪು ಮರೆತು ನೀನು ಸಹಿ ಹಾಕು. ಯಾವುದು?"

ಅಕ್ಕನ ಮಗಳನ್ನು ಬಿಡಿಸಿಕೊಳ್ಳಲು ಬಂದ ನಾನು ಅಕ್ಕನನ್ನೇ ಹಿಡಿದುಕೊಟ್ಟಿದ್ದೆ.

ಜಿಪುಣಿ ಪತ್ರವನ್ನು ಈಸಿಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ಮಾತ್ರ ಯಾಕೋ ನಗು.

"ಎರಡಕ್ಷರ ಸಾಕು ಅಂತ ಅಷ್ಟು ಜಂಬ ಕೊಚ್ಚಿದ್ದೆ," ಎಂದಳು. "ಅಮ್ಮ ಒಂದು ಸೇರಿಸಿದ್ದಾಳೆ. ಒಂದೇ ಒಂದು ಸಲ ಕೇಳಿಸಲಿ ಅಂತ." ಪತ್ರವನ್ನು ಅಡ್ಡಡ್ಡ ಹರಿದಳು, ಉದ್ದುದ್ದ ಹರಿದಳು, ಚೂರುಗಳನ್ನು ಬಿಸ್ಕತ್ತಿನ ತಟ್ಟೆಗೆ ಸುರಿದಳು. "ನನ್ನ ಹೆಸರೂ ಇಲ್ಲ, ಅಮ್ಮನ ಹೆಸರೂ ಇಲ್ಲ. ಪೊಲೀಸರನ್ನ ಕರೀರಿ ಸರ್. ಟೇಪು ಅವರಿಗೇ ಕೇಳಿಸ್ತೀನಿ."

"ಯಾವ ಟೇಪು?" ಎನ್ನುತ್ತ ಮುಖ್ಯಸ್ಥರು ಕಂಪ್ಯೂಟರಿನ ಕಡೆ ಕೈ ಚಾಚಿದರು. ಜಿಪುಣಿ ಅದಕ್ಕೆ ಅಡ್ಡ ಕೂತಳು.

ಅದೇ ಹೊತ್ತಿಗೆ ಗೋಡೆಯ ಸ್ಪೀಕರಿನಲ್ಲಿ ಹಾಡು ಅರ್ಧಕ್ಕೆ ನಿಂತಿತು.

ಗಂಟೆ ಬಾರಿಸಿತು.

"ಕೇಳುಗರ ಗಮನಕ್ಕೆ."

ಟೇಪಿನದಲ್ಲ. ಅದೇ ದನಿ, ಆದರೆ ವಯಸ್ಸಾದದ್ದು. ಉದ್ಘೋಷಕಿಯನ್ನು ಕೇಳಿಕೊಂಡು ಕೆಳಗೆ ಬಂದವರು ಯಾರೆಂದು ಆಗ ನನಗೆ ಹೊಳೆಯಿತು. ಸ್ಟುಡಿಯೋದ ದಾರಿ ಅಕ್ಕನಿಗೆ ಯಾರೂ ತೋರಿಸಬೇಕಾಗಿರಲಿಲ್ಲ.

"ಇದು ಬಹಳ ತಡವಾಗಿ ಬರುತ್ತಿರುವ ಪ್ರಕಟಣೆ," ಅಕ್ಕ ಓದುತ್ತಿದ್ದಳು. ದನಿಯಲ್ಲಿ ಒಂಚೂರೂ ನಡುಕವಿಲ್ಲ. "ಅನಿಲ ಸೋರಿದ ಬೆಳಿಗ್ಗೆ ನಾನು ಓದಲು ಮರೆಯಲಿಲ್ಲ. ಮೊನ್ನೆ ಈ ನಿಲಯದ ಪಟ್ಟಿ ಕೆಡಿಸಿದವಳೂ ನಾನೇ, ನನ್ನ ಮಗಳಲ್ಲ."

ಮುಖ್ಯಸ್ಥರು ಬಾಗಿಲಿಗೆ ಓಡಿ ಬಂದರು. ನಾನು ಎರಡೂ ಕೈ ಚಾಚಿ ಅಡ್ಡ ನಿಂತೆ. "ಇವತ್ತು ಓಡೋದು ಬೇಡ ಸ್ವಾಮಿ. ಕೂತು ಕೇಳಿ. ಊರೆಲ್ಲ ಕೇಳ್ತಿದೆ!"

"ಅವತ್ತು ನನ್ನನ್ನು ತಡೆದವರು ಇಬ್ಬರು," ಎಂದಳು ಅಕ್ಕ. "ಒಬ್ಬರ ದನಿ ಟೇಪಿನಲ್ಲಿದೆ. ಇನ್ನೊಬ್ಬರು ಒಂದು ಮಾತೂ ಆಡಲಿಲ್ಲ. ಸುಮ್ಮನೆ ಹಿಡಿಕೆ ಎಳೆದರು."

ಮುಖ್ಯಸ್ಥರು ನನ್ನನ್ನು ತಳ್ಳುವುದನ್ನು ಬಿಟ್ಟು ಹಿಂದಕ್ಕೆ ತಿರುಗಿದರು. "ಏನ್ರೀ ನೋಡ್ತಾ ನಿಂತಿದೀರಿ? ಎಳೀರಿ ಅದನ್ನ!"

ಆಗ ನನಗೆ ತಿಳಿಯಿತು, ನಾನು ಕಾಯಬೇಕಾಗಿದ್ದದ್ದು ಬಾಗಿಲನ್ನಲ್ಲ. ಮೀಸೆ ಕುರ್ಚಿಯಲ್ಲಿರಲಿಲ್ಲ. ಗೋಡೆಯ ಪಕ್ಕದಲ್ಲಿ, ಸ್ಪೀಕರಿನ ಕಡೆ ಮುಖ ಮಾಡಿ ನಿಂತಿದ್ದರು. ಕಣ್ಣಿಂದ ನೀರು ಇಳಿದು ಮೀಸೆ ಒದ್ದೆಯಾಗಿತ್ತು.

ಅವರ ಕೈ ಆ ಕೆಂಪು ಹಿಡಿಕೆಯ ಮೇಲಿತ್ತು.